ಡಿಸ್ಕ್ ಓದದ ಡ್ರೈವ್: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

ವರ್ಷಗಟ್ಟಲೆ ಬೀರುವಿನಲ್ಲಿದ್ದ ಮದುವೆಯ ಡಿವಿಡಿಯನ್ನು ತೆಗೆದು ಕಂಪ್ಯೂಟರಿಗೆ ಹಾಕುತ್ತೀರಿ. ಡ್ರೈವ್ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ, ಒಳಗೇನೋ ಟಕಟಕ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಪರದೆಯ ಮೇಲೆ ‘ಡ್ರೈವ್‌ನಲ್ಲಿ ಡಿಸ್ಕ್ ಇಲ್ಲ, ಡಿಸ್ಕ್ ಹಾಕಿ’ ಎಂಬ ಸೂಚನೆ. ಇಲ್ಲಿಗೆ ಬಂದವರಲ್ಲಿ ಕೆಲವರು ಡಿಸ್ಕ್ ಹಾಳಾಯಿತೆಂದು ಅದನ್ನು ಎಸೆಯುತ್ತಾರೆ, ಇನ್ನು ಕೆಲವರು ಡ್ರೈವ್ ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತಾರೆ. ಎರಡೂ ಆತುರದ ತೀರ್ಮಾನಗಳೇ. ಮೊದಲನೆಯದಂತೂ ಮತ್ತೆ ಸರಿಪಡಿಸಲಾಗದ ನಷ್ಟ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಬರುವುದು ನಿಂತೇಹೋಗಿದೆ. ಆದರೆ ಡಿಸ್ಕ್‌ಗಳು ಮನೆಗಳಲ್ಲಿ ಉಳಿದಿವೆ. ಸ್ಟುಡಿಯೋದವರು ಕೊಟ್ಟ ಮದುವೆ, ಮುಂಜಿ, ಗೃಹಪ್ರವೇಶದ ಡಿವಿಡಿಗಳಿವೆ. ಸ್ಕ್ಯಾನಿಂಗ್ ಕೇಂದ್ರದವರು ವರದಿಯ ಜೊತೆಗೆ ಕೊಟ್ಟ ಎಂಆರ್‌ಐ ಸಿಡಿ ಇದೆ. ಅಜ್ಜಿಯ ದೇವರನಾಮಗಳನ್ನು ಯಾರೋ ಬಂಧುಗಳು ಧ್ವನಿಮುದ್ರಿಸಿ ಸಿಡಿಗೆ ಹಾಕಿಟ್ಟದ್ದು ಇರಬಹುದು. ಇಂಥ ಡಿಸ್ಕ್‌ಗಳಲ್ಲಿ ಬಹಳಷ್ಟಕ್ಕೆ ಇನ್ನೊಂದು ಪ್ರತಿಯೇ ಇಲ್ಲ. ಹೀಗಾಗಿ ಏನನ್ನೂ ಬಿಚ್ಚುವ, ಉಜ್ಜುವ, ಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಈ ಡ್ರೈವ್ ಯಾವ ಬಗೆಯ ಡಿಸ್ಕ್‌ಗಳನ್ನು ಓದುತ್ತದೆ, ಯಾವ ಬಗೆಯವನ್ನು ಓದುವುದಿಲ್ಲ? ತೊಂದರೆ ಡಿಸ್ಕ್‌ನಲ್ಲಿದೆಯೋ, ಡ್ರೈವ್‌ನಲ್ಲಿದೆಯೋ, ಕಂಪ್ಯೂಟರಿನಲ್ಲಿದೆಯೋ ಎಂಬುದು ಬಹುಪಾಲು ಈ ಉತ್ತರದಿಂದಲೇ ತಿಳಿದುಹೋಗುತ್ತದೆ. ಏಕೆ ಹಾಗೆ ಎಂದು ತಿಳಿಯಲು ಡ್ರೈವ್ ಓದುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬಾಗಿಲು ಮುಚ್ಚಿದ ಮೇಲಿನ ಕೆಲವು ಸೆಕೆಂಡುಗಳು

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. 120 ಮಿಲಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ ಅದು. ಅದರ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುವ ಒಂದೇ ಒಂದು ಸಾಲು ಇರುತ್ತದೆ. ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್. ತಲೆಗೂದಲಿನ ಒಂದು ಎಳೆಯ ಅಗಲದಲ್ಲಿ ಇಂಥ ಸುಮಾರು ನಲವತ್ತು ಸುತ್ತುಗಳು ಹಿಡಿಯುತ್ತವೆ. ಡಿವಿಡಿಯಲ್ಲಿ ಈ ಅಂತರ 0.74 ಮೈಕ್ರೋಮೀಟರ್‌ಗೆ, ಬ್ಲೂ-ರೇಯಲ್ಲಿ 0.32 ಮೈಕ್ರೋಮೀಟರ್‌ಗೆ ಇಳಿಯುತ್ತದೆ. ಸಾಲು ಕಿರಿದಾದಷ್ಟೂ ಅದನ್ನು ಓದುವ ಬೆಳಕಿನ ಚುಕ್ಕಿಯೂ ಸಣ್ಣದಾಗಬೇಕು. ಅದಕ್ಕೆ ಬೆಳಕಿನ ತರಂಗಾಂತರ ಕಡಿಮೆಯಾಗಬೇಕು. ಸಿಡಿಗೆ 780 ನ್ಯಾನೋಮೀಟರಿನ ಅವಕೆಂಪು ಲೇಸರ್, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್, ಬ್ಲೂ-ರೇಗೆ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಬಳಸುವುದು ಇದಕ್ಕಾಗಿಯೇ.

ಇದರಿಂದ ಹೊರಡುವ ಒಂದು ಮಾತು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ನಿಮ್ಮ ಡಿವಿಡಿ ಡ್ರೈವ್‌ನೊಳಗೆ ಇರುವುದು ಒಂದು ಲೇಸರ್ ಅಲ್ಲ, ಎರಡು. ಸಿಡಿಯನ್ನು ಒಂದು ಓದುತ್ತದೆ, ಡಿವಿಡಿಯನ್ನು ಇನ್ನೊಂದು. ಒಂದು ಸತ್ತು ಇನ್ನೊಂದು ಚೆನ್ನಾಗಿಯೇ ಉಳಿಯಬಹುದು.

ಟ್ರೇ ಒಳಗೆ ಹೋದ ಕೂಡಲೇ ಲೇಸರನ್ನು ಹೊತ್ತ ಪುಟ್ಟ ಗಾಡಿ ಡಿಸ್ಕ್‌ನ ಒಳಬದಿಗೆ, ನಡುವಿನ ತೂತಿನ ಹತ್ತಿರಕ್ಕೆ ಸರಿಯುತ್ತದೆ. ಲೇಸರ್ ಬೆಳಗುತ್ತದೆ, ಲೆನ್ಸ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತ ಫೋಕಸ್ ಹುಡುಕುತ್ತದೆ. ಬೆಳಕು ಪ್ರತಿಫಲಿಸಿ ಬಂದರೆ ಡಿಸ್ಕ್ ಇದೆ ಎಂದರ್ಥ. ಎಷ್ಟು ಬೆಳಕು ಮರಳಿತು, ಎಷ್ಟು ಆಳದಿಂದ ಮರಳಿತು ಎಂಬುದರಿಂದ ಅದು ಸಿಡಿಯೋ ಡಿವಿಡಿಯೋ ಎಂದು ಡ್ರೈವ್ ಊಹಿಸುತ್ತದೆ. ಏಕೆಂದರೆ ಸಿಡಿಯಲ್ಲಿ ಮಾಹಿತಿಯ ಪದರ 1.2 ಮಿಲಿಮೀಟರ್ ಪ್ಲಾಸ್ಟಿಕ್‌ನ ಆಚೆ ಇರುತ್ತದೆ, ಡಿವಿಡಿಯಲ್ಲಿ 0.6 ಮಿಲಿಮೀಟರ್ ಆಚೆ. ಆಮೇಲೆ ಮೋಟಾರು ವೇಗ ಹಿಡಿಯುತ್ತದೆ. ತಿರುಗುವ ಡಿಸ್ಕ್ ಮಿಲಿಮೀಟರಿನ ಹತ್ತನೆಯ ಕೆಲವು ಭಾಗದಷ್ಟು ಏರಿಳಿಯುತ್ತಲೇ ಇರುತ್ತದೆ. ಲೆನ್ಸ್ ಆ ಏರಿಳಿತವನ್ನು ಒಂದೆರಡು ಮೈಕ್ರೋಮೀಟರ್ ನಿಖರತೆಯಲ್ಲಿ ಅನುಸರಿಸಬೇಕು. ಅದು ಕೈಗೂಡಿದ ಮೇಲೆ ಡಿಸ್ಕ್‌ನ ಒಳ ಅಂಚಿನಲ್ಲಿರುವ ವಿಷಯಸೂಚಿಯನ್ನು ಡ್ರೈವ್ ಓದುತ್ತದೆ. ಸಿಡಿಯಲ್ಲಿ ಈ ಸೂಚಿ ಕೇಂದ್ರದಿಂದ 23 ಮತ್ತು 25 ಮಿಲಿಮೀಟರ್ ದೂರದ ನಡುವಿನ ಕಿರಿದಾದ ಪಟ್ಟಿಯಲ್ಲಿರುತ್ತದೆ. ಇಲ್ಲಿ ಎಡವಿದರೆ ಉಳಿದ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಕಂಪ್ಯೂಟರಿಗೆ ಅದು ಕಾಣುವುದಿಲ್ಲ.

ಕೋಣೆಯ ಫ್ಯಾನ್ ನಿಲ್ಲಿಸಿ, ಡ್ರೈವ್‌ಗೆ ಕಿವಿಗೊಟ್ಟು ಈ ಹಂತಗಳನ್ನು ಕೇಳಿಸಿಕೊಳ್ಳಬಹುದು. ಮೋಟಾರು ತಿರುಗುವುದೇ ಇಲ್ಲ ಅಥವಾ ಅರೆಬರೆ ತಿರುಗಿ ನಿಲ್ಲುತ್ತದೆ ಎಂದರೆ ಫೋಕಸ್ ಹಂತದಲ್ಲೇ ಸೋಲು: ಲೆನ್ಸ್ ಮಬ್ಬಾಗಿದೆ, ಲೇಸರ್ ಸೊರಗಿದೆ ಅಥವಾ ಡಿಸ್ಕ್ ತಲೆಕೆಳಗಾಗಿದೆ. ಮೋಟಾರು ಪೂರ್ತಿ ವೇಗ ಹಿಡಿದು, ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತಿದ್ದರೆ ಡ್ರೈವ್‌ಗೆ ಡಿಸ್ಕ್ ಕಂಡಿದೆ, ಆದರೆ ಸೂಚಿಯನ್ನು ಓದಲಾಗುತ್ತಿಲ್ಲ. ಆಗ ಅದು ವೇಗ ತಗ್ಗಿಸಿ ಮತ್ತೊಮ್ಮೆ ಯತ್ನಿಸುತ್ತಿದೆ. ಒಂದೇ ಸಮನಾಗಿ ಟಕ್ ಟಕ್ ಎಂದು ಕೇಳಿದರೆ ಗಾಡಿ ಜಾರುವ ಹಳಿಯ ಮೇಲೆ ಸಿಕ್ಕಿಕೊಂಡಿದೆ, ಇಲ್ಲವೇ ವಿದ್ಯುತ್ ಸಾಲುತ್ತಿಲ್ಲ.

ಬೇರೆ ಬೇರೆ ಡಿಸ್ಕ್ ಹಾಕಿ ನೋಡುವುದು

ಈಗ ಪರೀಕ್ಷೆ. ಮೂರು ನಾಲ್ಕು ಬಗೆಯ ಡಿಸ್ಕ್ ಹುಡುಕಿಕೊಳ್ಳಿ: ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ, ಯಾರೋ ರೈಟ್ ಮಾಡಿಕೊಟ್ಟ ಸಿಡಿ ಅಥವಾ ಡಿವಿಡಿ, ಸಿಕ್ಕಿದರೆ ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್ ಒಂದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್‌ಗೂ ಮನೆಯಲ್ಲಿ ರೈಟ್ ಮಾಡಿದ ಡಿಸ್ಕ್‌ಗೂ ವ್ಯತ್ಯಾಸ ದೊಡ್ಡದು. ಅಚ್ಚೊತ್ತಿದ್ದರಲ್ಲಿ ಪ್ಲಾಸ್ಟಿಕ್‌ನಲ್ಲಿಯೇ ಗುಳಿಗಳು ಮೂಡಿದ್ದು, ಅದರ ಮೇಲೆ ಅಲ್ಯೂಮಿನಿಯಂ ಲೇಪವಿರುತ್ತದೆ. ರೈಟ್ ಮಾಡಿದ್ದರಲ್ಲಿ ಗುಳಿಗಳಿಲ್ಲ. ಸಾವಯವ ಬಣ್ಣದ ಒಂದು ಪದರವನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಆರ್‌ಡಬ್ಲ್ಯೂ ಡಿಸ್ಕ್‌ನಲ್ಲಿ ಲೋಹದ ಮಿಶ್ರಣವೊಂದು ಎರಡು ಸ್ಥಿತಿಗಳ ನಡುವೆ ಬದಲಾಗುತ್ತದೆ. ಅಚ್ಚೊತ್ತಿದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 70ಕ್ಕಿಂತ ಹೆಚ್ಚನ್ನು ಮರಳಿಸಿದರೆ ಆರ್‌ಡಬ್ಲ್ಯೂ ಸಿಡಿ ಮರಳಿಸುವುದು ಶೇಕಡಾ 15ರಿಂದ 25ರಷ್ಟು ಮಾತ್ರ.

ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪರೀಕ್ಷೆಯ ಫಲಿತಾಂಶ ತಾನಾಗಿ ಅರ್ಥವಾಗುತ್ತದೆ. ಉಳಿದೆಲ್ಲವನ್ನೂ ಓದಿ ಒಂದೇ ಒಂದು ಡಿಸ್ಕ್ ಅನ್ನು ನಿರಾಕರಿಸಿದರೆ ಡ್ರೈವ್ ಮುಟ್ಟುವ ಅಗತ್ಯವೇ ಇಲ್ಲ. ಸಿಡಿಗಳೆಲ್ಲ ಓಡುತ್ತವೆ, ಡಿವಿಡಿ ಒಂದೂ ಇಲ್ಲ ಎಂದರೆ ಕೆಂಪು ಲೇಸರ್ ಹೋಗಿರಬಹುದು, ಅಥವಾ ಲೆನ್ಸಿನ ಮೇಲೆ ದೂಳು ಕೂತಿರಬಹುದು. ಡಿವಿಡಿಯ ಸಾಲು ಕಿರಿದಾದ್ದರಿಂದ ಮಬ್ಬು ಲೆನ್ಸ್ ಮೊದಲು ಎಡವುವುದು ಅಲ್ಲಿಯೇ. ಆದರೆ ಡಿವಿಡಿಗಳು ಸರಾಗವಾಗಿ ಓಡಿ ಸಿಡಿಗಳು ಮಾತ್ರ ಓಡದಿದ್ದರೆ ದೂಳನ್ನು ದೂರುವಂತಿಲ್ಲ. ಅದು ಬಹುತೇಕ ಅವಕೆಂಪು ಲೇಸರಿನ ಸಾವು. ಅಚ್ಚೊತ್ತಿದವು ಓಡಿ, ರೈಟ್ ಮಾಡಿದವು ಓಡದೆ, ಆರ್‌ಡಬ್ಲ್ಯೂ ಅಂತೂ ಕಾಣುವುದೇ ಇಲ್ಲ ಎಂದರೆ ಲೇಸರ್ ಸೊರಗುತ್ತಿದೆ ಅಥವಾ ಲೆನ್ಸ್ ಮಬ್ಬಾಗುತ್ತಿದೆ. ಮೊದಲು ಕೈಬಿಟ್ಟುಹೋಗುವುದು ಕಡಿಮೆ ಪ್ರತಿಫಲನದ ಡಿಸ್ಕ್‌ಗಳು. ಎರಡು ಪದರದ ಸಿನಿಮಾ ಡಿವಿಡಿಗಳೂ ಈ ಗುಂಪಿಗೆ ಸೇರುತ್ತವೆ. ಸಿನಿಮಾ ಅರ್ಧದವರೆಗೆ ಚೆನ್ನಾಗಿ ಓಡಿ, ಯಾವ ಡಿಸ್ಕ್ ಹಾಕಿದರೂ ಸುಮಾರು ಅದೇ ಹಂತದಲ್ಲಿ ನಿಲ್ಲುತ್ತಿದ್ದರೆ ಗಾಡಿಯ ಹಳಿಯಲ್ಲಿನ ಗ್ರೀಸ್ ಒಣಗಿರಬಹುದು.

ಯಾವ ಡಿಸ್ಕ್ ಹಾಕಿದರೂ ಸಪ್ಪಳವೇ ಇಲ್ಲದಿದ್ದರೆ, ಅಥವಾ ಡ್ರೈವ್‌ನ ಹೆಸರೇ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಅದು ಬೇರೆ ದಾರಿ. ಅದಕ್ಕೆ ಆಮೇಲೆ ಬರುತ್ತೇನೆ. ಡ್ರೈವ್‌ನ ಮುಖದ ಮೇಲಿನ ಗುರುತನ್ನೂ ಒಮ್ಮೆ ನೋಡಿ. ಬ್ಲೂ-ರೇ ಗುರುತಿಲ್ಲದ ಡ್ರೈವ್‌ನಲ್ಲಿ ನೀಲಿ-ನೇರಳೆ ಲೇಸರೇ ಇರುವುದಿಲ್ಲ, ಯಾವ ಸಾಫ್ಟ್‌ವೇರ್ ಹಾಕಿದರೂ ಅದು ಬ್ಲೂ-ರೇ ಓದುವುದಿಲ್ಲ.

ತಪ್ಪು ಡಿಸ್ಕ್‌ನದಾದರೆ

ಡಿಸ್ಕ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ. ಹೊಳೆಯುವ ಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ, ಹೆಸರು ಬರೆದ ಬದಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಿಡಿಯ ಮಟ್ಟಿಗೆ ನಿಜ ಇದಕ್ಕೆ ಪೂರ್ತಿ ವಿರುದ್ಧ. ಸಿಡಿಯ ಮಾಹಿತಿ ಇರುವುದು ಹೆಸರಿನ ಬದಿಯಲ್ಲಿ, ತೆಳುವಾದ ಒಂದು ವಾರ್ನಿಷ್ ಪದರದ ಕೆಳಗೆ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅಂಟಿಸಿದ ಚೀಟಿಯನ್ನು ಕಿತ್ತರೆ ಲೋಹದ ಲೇಪವೇ ಎದ್ದು ಬರುತ್ತದೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಹೊಳೆದರೆ ಅಲ್ಲಿದ್ದ ಮಾಹಿತಿ ಹೋಯಿತೆಂದೇ ಲೆಕ್ಕ. ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ತಟ್ಟೆಗಳ ನಡುವೆ ಭದ್ರವಾಗಿರುತ್ತದೆ; ಅದರ ದೌರ್ಬಲ್ಯ ಅಂಚಿನಲ್ಲಿ, ಎರಡು ತಟ್ಟೆಗಳನ್ನು ಸೇರಿಸಿದ ಅಂಟು ಬಿಡುವಲ್ಲಿ. ಪೆಟ್ಟಿಗೆಯಿಂದ ಡಿವಿಡಿಯನ್ನು ತೆಗೆಯುವಾಗ ನಡುವಿನ ಗುಂಡಿಯನ್ನು ಒತ್ತದೆ ಅಂಚು ಹಿಡಿದು ಎಳೆದು ಬಗ್ಗಿಸುವ ಅಭ್ಯಾಸ ಅದಕ್ಕೇ ಕೆಟ್ಟದ್ದು.

ಹೊಳೆಯುವ ಬದಿಯ ಮೇಲೆ ಬೆರಳಚ್ಚು, ದೂಳು, ಸಣ್ಣ ಗೀರುಗಳಿದ್ದರೆ ಅಷ್ಟೇನೂ ಚಿಂತೆ ಬೇಡ. ಸಿಡಿಯ ಮೇಲ್ಮೈಯನ್ನು ದಾಟುವಾಗ ಲೇಸರ್ ಕಿರಣ ಇನ್ನೂ ಮಿಲಿಮೀಟರಿನ ಮುಕ್ಕಾಲು ಭಾಗಕ್ಕಿಂತ ಅಗಲವಾಗಿಯೇ ಇರುತ್ತದೆ, ಒಳಗೆ ಹೋದಂತೆ ಚುಕ್ಕಿಯಾಗುತ್ತದೆ. ಆದ್ದರಿಂದ ಮೇಲಿನ ಸಣ್ಣ ಕಣ ಅದಕ್ಕೆ ಅಡ್ಡ ಬಂದರೂ ಬೆಳಕಿನ ಬಹುಭಾಗ ದಾಟಿಹೋಗುತ್ತದೆ. ಅದರ ಮೇಲೆ ದೋಷ ತಿದ್ದುವ ಗಣಿತವಿದೆ. ಮಾಹಿತಿಯನ್ನು ಅಕ್ಕಪಕ್ಕದಲ್ಲೇ ಬರೆಯದೆ ಚದುರಿಸಿ ಬರೆದು, ಜೊತೆಗೆ ರೀಡ್-ಸೊಲೊಮನ್ ಸಂಕೇತಗಳನ್ನು ಸೇರಿಸಿರುವುದರಿಂದ ಸಾಲಿನ ಉದ್ದಕ್ಕೂ ಸುಮಾರು 2.5 ಮಿಲಿಮೀಟರಿನಷ್ಟು ಭಾಗ ಪೂರ್ತಿ ಅಳಿಸಿಹೋದರೂ ಡ್ರೈವ್ ಅದನ್ನು ಲೆಕ್ಕಹಾಕಿ ಮರಳಿ ಕಟ್ಟಬಲ್ಲದು. 1982ರಲ್ಲಿ ಇದನ್ನು ಮನೆಬಳಕೆಯ ಸಾಧನದಲ್ಲಿ ಅಳವಡಿಸಿದವರ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಒರೆಸುವ ದಿಕ್ಕು ಮುಖ್ಯವಾಗುವುದೂ ಈ ಗಣಿತದಿಂದಲೇ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಎಂದಿಗೂ ಸುತ್ತಲೂ ಉಜ್ಜಬಾರದು. ನೇರವಾಗಿ ಒರೆಸುವಾಗ ಆಗುವ ಗೀರು ಸಾವಿರಾರು ಸುತ್ತುಗಳನ್ನು ಅಡ್ಡಹಾಯ್ದರೂ ಪ್ರತಿ ಸುತ್ತಿನಲ್ಲೂ ತೀರಾ ಸಣ್ಣ ತುಣುಕನ್ನಷ್ಟೇ ಕೆಡಿಸುತ್ತದೆ. ಅದನ್ನು ಡ್ರೈವ್ ತಿದ್ದಿಕೊಳ್ಳುತ್ತದೆ. ಸುತ್ತಲೂ ಉಜ್ಜಿದಾಗ ಆಗುವ ಗೀರು ಸಾಲಿನ ಉದ್ದಕ್ಕೇ ಸಾಗಿ, ತಿದ್ದಬಲ್ಲ ಮಿತಿಯನ್ನು ಕ್ಷಣದಲ್ಲಿ ದಾಟಿಬಿಡುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಕನ್ನಡಕ ಒರೆಸುವ ಮೃದು ಬಟ್ಟೆ, ಇಷ್ಟೇ ಸಾಕು. ಲುಂಗಿಯ ಅಂಚು, ಟವೆಲ್, ಕಾಗದ ಬೇಡ. ಅಸಿಟೋನ್, ಥಿನ್ನರ್, ಪೆಟ್ರೋಲ್ ಪಾಲಿಕಾರ್ಬೊನೇಟನ್ನು ಮಂಕಾಗಿಸುತ್ತವೆ. ಟೂತ್‌ಪೇಸ್ಟ್‌ನಿಂದ ಉಜ್ಜುವ ಉಪಾಯ ಮೇಲ್ಮೈಯ ಆಳವಿಲ್ಲದ ಗೀರನ್ನು ಸವೆಸಿ ಕೆಲವೊಮ್ಮೆ ಸಿಡಿಯನ್ನು ಬದುಕಿಸುವುದು ನಿಜ. ಆದರೆ ಇನ್ನೊಂದು ಪ್ರತಿ ಇಲ್ಲದ ಡಿಸ್ಕ್‌ನ ಮೇಲೆ ಅದನ್ನು ಪ್ರಯೋಗಿಸಬೇಡಿ. ಬ್ಲೂ-ರೇ ಮೇಲಂತೂ ಬೇಡವೇ ಬೇಡ. ಅಲ್ಲಿ ಮಾಹಿತಿಯ ಮೇಲಿರುವ ಹೊದಿಕೆ ಬರೀ 0.1 ಮಿಲಿಮೀಟರ್.

ರೈಟ್ ಮಾಡಿದ ಡಿಸ್ಕ್‌ನ ಸಂಕಟ ಬೇರೆಯದೇ. ಒಂದು ಗೀರೂ ಇಲ್ಲದೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಬಣ್ಣದ ಪದರ ಬಿಸಿಲು, ಸೆಕೆ, ತೇವಕ್ಕೆ ಮಾಸಿಹೋಗಿರಬಹುದು. ಅಗ್ಗದ ಖಾಲಿ ಡಿಸ್ಕ್‌ಗೆ ಅತಿ ಹೆಚ್ಚು ವೇಗದಲ್ಲಿ ರೈಟ್ ಮಾಡಿದ್ದರೆ ಗುರುತುಗಳು ಮೊದಲ ದಿನದಿಂದಲೇ ಅಸ್ಪಷ್ಟವಾಗಿರುತ್ತವೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಡಿಸ್ಕ್‌ಗೆ ಬೂಷ್ಟು ಹಿಡಿಯುವುದು ಹೊಸದಲ್ಲ. 2001ರಲ್ಲಿ ಸ್ಪೇನಿನ ಸಂಶೋಧಕರು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿಡಿಯೊಂದರಲ್ಲಿ ಶಿಲೀಂಧ್ರವೊಂದು ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರವನ್ನು ತಿಂದಿದ್ದನ್ನು ವರದಿ ಮಾಡಿದ್ದರು. ಮೇಲ್ಮೈಯ ಬೂಷ್ಟನ್ನು ತೊಳೆಯಬಹುದು, ಒಳಹೊಕ್ಕಿದ್ದನ್ನು ತೊಳೆಯಲಾಗದು. ಬೀರುವಿನಲ್ಲಿ ಡಿಸ್ಕ್‌ಗಳನ್ನು ನಿಲ್ಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.

ನಡುವಿನ ತೂತಿನಿಂದ ಹೊರಟ ಕೂದಲೆಳೆಯಷ್ಟು ಸೀಳು ಕಂಡರೂ ಆ ಡಿಸ್ಕ್ ಅನ್ನು ಡ್ರೈವ್‌ಗೆ ಹಾಕಬೇಡಿ. 52 ಪಟ್ಟು ವೇಗದ ಡ್ರೈವ್ ಸಿಡಿಯನ್ನು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಸೀಳಿದ ಡಿಸ್ಕ್ ಒಳಗೇ ಚೂರುಚೂರಾಗಿ ಡ್ರೈವನ್ನೂ ಹಾಳುಮಾಡುತ್ತದೆ.

ತಪ್ಪು ಡ್ರೈವ್‌ನದಾದರೆ

ಲ್ಯಾಪ್‌ಟಾಪ್‌ನ ತೆಳು ಡ್ರೈವ್‌ನಲ್ಲಿ ಮೊದಲು ನೋಡಬೇಕಾದ್ದು ತೀರಾ ಸರಳವಾದ ಒಂದು ಸಂಗತಿ. ಅದರ ನಡುವಿನ ಗುಂಡಿಯ ಮೇಲೆ ಸ್ಪ್ರಿಂಗ್ ಇರುವ ಮೂರು ಪುಟ್ಟ ಹಲ್ಲುಗಳಿವೆ. ಡಿಸ್ಕ್ ಅನ್ನು ಟ್ರೇಯ ಮೇಲೆ ಸುಮ್ಮನೆ ಇಟ್ಟರೆ ಸಾಲದು. ಒಂದು ಕೈಯಿಂದ ಟ್ರೇಗೆ ಕೆಳಗಿನಿಂದ ಆಧಾರ ಕೊಟ್ಟು, ಇನ್ನೊಂದು ಕೈಯ ಬೆರಳುಗಳಿಂದ ತೂತಿನ ಸುತ್ತ ಒತ್ತಬೇಕು. ಟಕ್ ಎಂದು ಕೂತ ಸದ್ದು ಕೇಳಬೇಕು. ಅರ್ಧ ಕೂತ ಡಿಸ್ಕ್ ಓರೆಯಾಗಿ ತಿರುಗಿ, ಫೋಕಸ್ ಸಿಗದೆ, ‘ಡಿಸ್ಕ್ ಇಲ್ಲ’ ಎಂಬ ಸೂಚನೆಯನ್ನೇ ತರುತ್ತದೆ.

ಅದೇ ಟ್ರೇಯಲ್ಲಿ ಸಣ್ಣ ಬಟಾಣಿ ಕಾಳಿನಷ್ಟಿರುವ ಲೆನ್ಸ್ ನೇರವಾಗಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಊದುಬತ್ತಿ ಉರಿಯುವುದುಂಟು, ಅಡುಗೆಯ ಒಗ್ಗರಣೆಯ ಹೊಗೆ ಬರುವುದುಂಟು. ಆ ಜಿಡ್ಡಿನ ಮೇಲೆ ದೂಳು ಕೂತರೆ ಲೆನ್ಸ್ ಮಂಜು ಮುಸುಕಿದಂತಾಗುತ್ತದೆ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಸಾಧ್ಯವಿದ್ದರೆ ಬ್ಯಾಟರಿಯನ್ನೂ ತೆಗೆದ ಮೇಲೆಯೇ ಕೈ ಹಾಕಿ. ಅವಕೆಂಪು ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಹಾನಿಯನ್ನು ಮಾತ್ರ ಮಾಡಬಲ್ಲದು. ಟ್ರೇ ತೆರೆದುಕೊಳ್ಳದಿದ್ದರೆ ಮುಂಭಾಗದ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ತೂರಿಸಿದರೆ ತೆರೆಯುತ್ತದೆ. ಮೊದಲು ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಅದರಿಂದ ಆಗದಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿಯ ತುದಿಯನ್ನು ಅದ್ದಿ, ಹಿಂಡಿ, ಬರೀ ತೇವವಾಗಿರುವಂತೆ ಮಾಡಿಕೊಂಡು ಲೆನ್ಸಿನ ಮೇಲೆ ಒಂದೆರಡು ಬಾರಿ ಮೃದುವಾಗಿ ಸವರಿ, ಒಣಗಲು ಬಿಡಿ. ಕಡ್ಡಿಯ ಭಾರ ಬಿದ್ದರೆ ಸಾಕು, ಒತ್ತಡ ಬೇಡ. ಆ ಲೆನ್ಸ್ ಪ್ಲಾಸ್ಟಿಕ್ಕಿನದು, ತೆಳುವಾದ ಲೋಹದ ತಂತಿಗಳ ಮೇಲೆ ತೇಲುವಂತೆ ನಿಂತಿದೆ. ತಂತಿ ಬಾಗಿದರೆ ಡ್ರೈವ್‌ನ ಆಯಸ್ಸು ಅಲ್ಲಿಗೆ ಮುಗಿಯಿತು. ಸುಗಂಧ ಬೆರೆಸಿದ ಸ್ಪಿರಿಟ್, ಎಣ್ಣೆಯ ಅಂಶವಿರುವ ಸ್ಯಾನಿಟೈಸರ್ ಬಳಸಬೇಡಿ.

ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಲೆನ್ಸ್ ಪೆಟ್ಟಿಗೆಯ ಒಳಗಿರುತ್ತದೆ. ಹೊರತೆಗೆದು ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರೆ ತಲುಪಬಹುದು. ಅಲ್ಲಿಗೆ ಹೋದಾಗ ಗಾಡಿ ಜಾರುವ ಎರಡು ಕಂಬಿಗಳನ್ನೂ ಒರೆಸಿ, ಬಿಳಿ ಗ್ರೀಸನ್ನು ಸಾಸಿವೆಕಾಳಿನಷ್ಟು ಹಚ್ಚಬಹುದು. ಟ್ರೇ ಹೊರಬರಲು ತಿಣುಕುತ್ತಿದ್ದರೆ ಅದನ್ನು ಎಳೆಯುವ ಸಣ್ಣ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ.

ಲೇಸರಿನ ಪಕ್ಕದಲ್ಲಿ ಪುಟ್ಟ ತಿರುಗಣೆಯೊಂದು ಕೆಲವು ಡ್ರೈವ್‌ಗಳಲ್ಲಿ ಕಾಣುತ್ತದೆ. ಅದನ್ನು ತಿರುಗಿಸಿ ಲೇಸರಿನ ಶಕ್ತಿ ಹೆಚ್ಚಿಸಬಹುದೆಂಬ ಸಲಹೆ ಬಹಳ ಕಡೆ ಸಿಗುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಉಪಕರಣದಿಂದ ಅಳೆದು ನಿಲ್ಲಿಸಿದ ಮಟ್ಟವದು. ಅಂದಾಜಿನ ಮೇಲೆ ಹೆಚ್ಚಿಸಿದರೆ ಸೊರಗಿದ ಲೇಸರ್ ಸ್ವಲ್ಪ ಕಾಲ ಉರಿದು ಪೂರ್ತಿ ಸಾಯುತ್ತದೆ. ಲೇಸರ್ ಹೋಗಿದೆ ಎಂದು ಖಚಿತವಾದರೆ ಡ್ರೈವನ್ನೇ ಬದಲಿಸುವುದು ವಿವೇಕ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಹಳೆಯ ಡ್ರೈವ್‌ಗಳು ಸಿಗುತ್ತವೆ. ಕೊಳ್ಳಲು ಹೋಗುವಾಗ ಒಂದು ಸಿಡಿ, ಒಂದು ಡಿವಿಡಿ, ಒಂದು ರೈಟ್ ಮಾಡಿದ ಡಿಸ್ಕ್ ಜೊತೆಗೆ ಒಯ್ದು ಅಲ್ಲೇ ಓಡಿಸಿ ನೋಡಿ.

ಡಿಸ್ಕೂ ಸರಿ, ಡ್ರೈವೂ ಸರಿ

ಯುಎಸ್‌ಬಿ ಡ್ರೈವ್ ಬಳಸುವವರು ಮೊದಲು ಅನುಮಾನಿಸಬೇಕಾದ್ದು ವಿದ್ಯುತ್ತನ್ನು. ಯುಎಸ್‌ಬಿ 2.0 ಕಿಂಡಿಯಿಂದ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕಿಂಡಿಯಿಂದ 900. ಡಿಸ್ಕ್ ವೇಗ ಹಿಡಿಯುವ ಹೊತ್ತಿನಲ್ಲಿ ಡ್ರೈವ್ ಇದಕ್ಕಿಂತ ಹೆಚ್ಚು ಬೇಡಬಹುದು. ಆಗ ಡ್ರೈವ್ ಟಕ್ ಎಂದು ಸೋತು, ಕಂಪ್ಯೂಟರಿನಿಂದ ಕಳಚಿ, ಮತ್ತೆ ಸೇರಿಕೊಳ್ಳುತ್ತದೆ. ಹಬ್ ತೆಗೆದು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ, ಡೆಸ್ಕ್‌ಟಾಪ್ ಆದರೆ ಹಿಂಬದಿಯ ಕಿಂಡಿಗೆ. ಎರಡು ಕಿಂಡಿಗಳಿಂದ ಶಕ್ತಿ ಪಡೆಯುವ ಕವಲು ಕೇಬಲ್ ಡ್ರೈವ್‌ನ ಜೊತೆ ಬಂದಿದ್ದರೆ ಎರಡನ್ನೂ ಚುಚ್ಚಿ. ಉದ್ದದ, ಸಪೂರ ಕೇಬಲ್‌ನಲ್ಲಿಯೇ ಒಂದಷ್ಟು ಶಕ್ತಿ ಸೋರಿಹೋಗುವುದೂ ಇದೆ.

ಕಂಪ್ಯೂಟರಿನೊಳಗಿನ ಡ್ರೈವ್ ಆದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯೋಸ್ ಎಂಬ ಪರದೆಯಲ್ಲಿ ಅದರ ಹೆಸರಿದೆಯೇ ನೋಡಿ. ಇಲ್ಲವಾದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಕಿತ್ತು ಮತ್ತೆ ಜೋಡಿಸಿ, ಅಥವಾ ಬೇರೆ ಕೇಬಲ್ ಹಾಕಿ. ಹೆಸರಿದ್ದರೆ ಲಿನಕ್ಸ್‌ನ ಅಥವಾ ವಿಂಡೋಸ್‌ನ ಬೂಟ್ ಆಗುವ ಡಿಸ್ಕ್ ಒಂದನ್ನು ಹಾಕಿ, ಅದರಿಂದಲೇ ಕಂಪ್ಯೂಟರನ್ನು ಆರಂಭಿಸಿ. ಆರಂಭವಾದರೆ ಲೆನ್ಸ್, ಲೇಸರ್, ಮೋಟಾರು, ಕೇಬಲ್ ಎಲ್ಲವೂ ಸರಿಯಿವೆ ಎಂದಾಯಿತು. ಉಳಿದದ್ದು ವಿಂಡೋಸ್‌ನ ಕೆಲಸ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಮೇಲೆ ಹಳದಿ ಗುರುತು, ಜೊತೆಗೆ 19, 31, 32, 39 ಅಥವಾ 41ರ ದೋಷಸಂಖ್ಯೆ ಕಂಡರೆ ಹಿಂದೆ ಹಾಕಿದ್ದ ಡಿಸ್ಕ್ ರೈಟ್ ಮಾಡುವ ಸಾಫ್ಟ್‌ವೇರ್ ಬಿಟ್ಟುಹೋದ ಉಳಿಕೆಗಳನ್ನು ಮೊದಲು ಶಂಕಿಸಿ. ಡ್ರೈವನ್ನು ಅಲ್ಲಿಂದ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮರುಆರಂಭಿಸಿದರೆ ವಿಂಡೋಸ್ ತಾನೇ ಮತ್ತೆ ಗುರುತಿಸಿಕೊಳ್ಳುತ್ತದೆ. ಆಗಲೂ ಸರಿಹೋಗದಿದ್ದರೆ ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಸಿಡಿ-ರಾಮ್ ವರ್ಗದ ಅಡಿ ಇರುವ ‘ಅಪ್ಪರ್‌ಫಿಲ್ಟರ್ಸ್’, ‘ಲೋಯರ್‌ಫಿಲ್ಟರ್ಸ್’ ಎಂಬ ನಮೂದುಗಳನ್ನು ಅಳಿಸಬೇಕಾಗುತ್ತದೆ. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡೇ ಅದಕ್ಕೆ ಇಳಿಯಿರಿ. ರೂಢಿಯಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೆಲವೊಮ್ಮೆ ಡಿಸ್ಕ್ ಓದಲ್ಪಟ್ಟಿರುತ್ತದೆ, ನಮಗೆ ಹಾಗೆ ಅನ್ನಿಸುವುದಿಲ್ಲ. ಫೈಲ್‌ಗಳು ಕಾಣುತ್ತವೆ, ಸಿನಿಮಾ ಓಡುವುದಿಲ್ಲ ಎಂದರೆ ಕೊರತೆ ಪ್ಲೇಯರ್‌ನದು. ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟ್ ಡಿವಿಡಿ ಓಡಿಸುವ ಸೌಲಭ್ಯವನ್ನು ಜೊತೆಗೆ ಕೊಡುತ್ತಿಲ್ಲ. ಉಚಿತವಾದ ವಿಎಲ್‌ಸಿ ಹಾಕಿಕೊಂಡರೆ ಸಾಕು. ಅಮೆರಿಕದಲ್ಲಿರುವ ಕನ್ನಡಿಗರು ಊರಿನಿಂದ ಒಯ್ದ ಡಿವಿಡಿ ಅಲ್ಲಿ ಓಡದಿದ್ದರೆ ಡಿವಿಡಿ ಯಾವ ದೇಶಗಳಲ್ಲಿ ಓಡಬೇಕೆಂದು ಗುರುತಿಸುವ ಪ್ರದೇಶ ಸಂಕೇತ ಕಾರಣವಿರಬಹುದು. ಭಾರತ 5ನೆಯ ಪ್ರದೇಶದಲ್ಲಿದೆ, ಅಮೆರಿಕ 1ರಲ್ಲಿ. ಡ್ರೈವ್‌ನ ಪ್ರದೇಶವನ್ನು ಐದು ಬಾರಿ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ. ಎಂಆರ್‌ಐ ಸಿಡಿಯಲ್ಲಿ ಹೆಸರಿಗೆ ಬಾಲವಿಲ್ಲದ ಫೈಲ್‌ಗಳೂ ‘ಡೈಕಾಮ್‌ಡಿರ್’ ಎಂಬ ಒಂದು ಫೈಲೂ ಕಂಡರೆ ಗಾಬರಿಯಾಗಬೇಡಿ. ಡೈಕಾಮ್ ಎಂಬ ವೈದ್ಯಕೀಯ ಬಗೆಯ ಚಿತ್ರ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಅವು ತೆರೆದುಕೊಳ್ಳುತ್ತವೆ. ಮಕ್ಕಳ ಕಲಿಕೆಗೆಂದು 1990ರ ದಶಕದಲ್ಲಿ ಬಂದ ಎಷ್ಟೋ ಸಿಡಿಗಳು 16-ಬಿಟ್ ಪ್ರೋಗ್ರಾಂಗಳು. 64-ಬಿಟ್ ವಿಂಡೋಸ್ ಅವನ್ನು ನಡೆಸುವುದಿಲ್ಲ.

ಡಿಸ್ಕ್ ಪೂರ್ತಿ ಖಾಲಿ ಎಂದು ತೋರಿಸಿದರೆ, ಆದರೆ ಹೊಳೆಯುವ ಬದಿಯಲ್ಲಿ ಒಳಭಾಗ ಮತ್ತು ಹೊರಭಾಗದ ಛಾಯೆ ಬೇರೆ ಬೇರೆ ಕಂಡರೆ, ಅದರಲ್ಲಿ ಬರೆದದ್ದು ಇದೆ; ಬರೆದವರು ಅದನ್ನು ‘ಫೈನಲೈಸ್’ ಮಾಡಿಲ್ಲ, ಅಂದರೆ ಬೇರೆ ಸಾಧನಗಳೂ ಓದುವಂತೆ ಬರವಣಿಗೆಯನ್ನು ಮುಗಿಸಿಲ್ಲ. ಎಂಟು ಸೆಂಟಿಮೀಟರಿನ ಪುಟ್ಟ ಡಿವಿಡಿಗೆ ನೇರವಾಗಿ ಚಿತ್ರೀಕರಿಸುತ್ತಿದ್ದ ಹ್ಯಾಂಡಿಕ್ಯಾಮ್‌ಗಳಲ್ಲಿ ಇದು ಸಾಮಾನ್ಯವಾಗಿತ್ತು. ಅದೇ ಕ್ಯಾಮೆರಾ ಸಿಕ್ಕಿದರೆ ಅದರಲ್ಲೇ ಫೈನಲೈಸ್ ಮಾಡುವುದು ಒಳ್ಳೆಯ ಪರಿಹಾರ. ಟ್ರೇ ಇಲ್ಲದೆ ಸೀಳಿನೊಳಗೆ ಡಿಸ್ಕ್ ತೂರಿಸುವ ಡ್ರೈವ್‌ಗೆ ಈ ಪುಟ್ಟ ಡಿಸ್ಕ್ ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ.

ಒಮ್ಮೆ ಓದಿತೆಂದರೆ

ಹಟಮಾಡುತ್ತಿದ್ದ ಡಿಸ್ಕ್ ಹೇಗೋ ತೆರೆದುಕೊಂಡಾಗ ಎಲ್ಲರೂ ಮಾಡುವುದು ಅದನ್ನು ನೋಡಲು ಕೂರುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಪ್ರತಿ ತೆಗೆಯಿರಿ. ಫೈಲ್‌ಗಳನ್ನು ಎಳೆದು ಹಾಕುವ ಬದಲು ಇಡೀ ಡಿಸ್ಕ್‌ನ ಐಎಸ್‌ಒ ಪ್ರತಿಬಿಂಬವನ್ನು, ಅಂದರೆ ಅದರಲ್ಲಿರುವುದೆಲ್ಲ ಅಡಕವಾದ ಒಂದೇ ಫೈಲನ್ನು, ಮಾಡುವುದು ಮೇಲು. ವಿಂಡೋಸ್ ಒಂದು ಕೆಟ್ಟ ಭಾಗ ಸಿಕ್ಕ ಕೂಡಲೇ ನಿಂತು, ಗಂಟೆಗಟ್ಟಲೆ ಅಲ್ಲೇ ತಿಣುಕುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನ ಹಾಗಲ್ಲ. ಮೊದಲ ಸುತ್ತಿನಲ್ಲಿ ಕೆಟ್ಟ ಭಾಗಗಳನ್ನು ಹಾರಿಸಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಆಮೇಲೆ ಉಳಿದವಕ್ಕೆ ಮರಳುತ್ತದೆ. ಬ್ಲಾಕಿನ ಗಾತ್ರವನ್ನು 2048 ಬೈಟ್‌ಗೆ ಹೊಂದಿಸಬೇಕು, ಯಾವುದು ಸಿಕ್ಕಿತು ಯಾವುದು ಇಲ್ಲ ಎಂದು ಬರೆದಿಡುವ ನಕ್ಷೆಯ ಫೈಲನ್ನು ಮರೆಯದೆ ಕೊಡಬೇಕು. ಹಾಡಿನ ಸಿಡಿಗೆ ಬೇರೆ ಸಾಧನಗಳಿವೆ: ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಲಿನಕ್ಸ್‌ನಲ್ಲಿ ಸಿಡಿಪ್ಯಾರನೋಯಾ.

ಆ ನಕ್ಷೆ ಇರುವುದರಿಂದಲೇ ಅರ್ಧಕ್ಕೆ ನಿಂತ ಕೆಲಸವನ್ನು ಇನ್ನೊಂದು ಡ್ರೈವ್‌ನಲ್ಲಿ ಮುಂದುವರಿಸಬಹುದು. ಪ್ರತಿ ಡ್ರೈವ್‌ನ ಲೆನ್ಸ್, ಲೇಸರ್, ತಿದ್ದುವ ಸಾಮರ್ಥ್ಯ ಸ್ವಲ್ಪ ಸ್ವಲ್ಪ ಬೇರೆ. ಒಂದು ಬಿಟ್ಟ ಭಾಗವನ್ನು ಇನ್ನೊಂದು ಎತ್ತಿಕೊಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನೆಂಟರ, ನೆರೆಯವರ ಹಳೆಯ ಕಂಪ್ಯೂಟರುಗಳನ್ನೆಲ್ಲ ಕೇಳಿ ನೋಡಿ. ಓದುವ ವೇಗ ತಗ್ಗಿಸಿ ಇನ್ನೊಮ್ಮೆ ಯತ್ನಿಸಿ. ಡಿಸ್ಕ್ ನಿಧಾನವಾಗಿ ತಿರುಗಿದಾಗ ಲೆನ್ಸ್‌ಗೆ ಅದರ ಏರಿಳಿತವನ್ನು ಹಿಂಬಾಲಿಸುವುದು ಸುಲಭ. ಕೊನೆಗೂ ಕೆಲವು ಬ್ಲಾಕ್‌ಗಳು ಸಿಗದೆ ಉಳಿದರೆ ಮದುವೆಯ ವೀಡಿಯೊದಲ್ಲಿ ಅಲ್ಲಲ್ಲಿ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆದು ಮತ್ತೆ ಸರಿಹೋಗುತ್ತದೆ, ಅಷ್ಟೇ. ಜಿಪ್ ಮಾಡಿಟ್ಟ ಫೋಟೊಗಳ ಕಟ್ಟಾದರೆ ಒಂದು ಬ್ಲಾಕ್ ಹೋದರೂ ಕೆಲವು ಫೋಟೊಗಳು ತೆರೆಯದಿರಬಹುದು. ಅಂಥ ಡಿಸ್ಕ್‌ಗಾಗಿ ಮೂರನೆಯ, ನಾಲ್ಕನೆಯ ಡ್ರೈವ್ ಹುಡುಕಿಕೊಂಡು ಹೋಗುವ ಶ್ರಮವೂ ಸಾರ್ಥಕವೇ.